ಕಾಣುವ ಬೆಟ್ಟ, ಕಾಣದ ದಾರಿ

ಚಿಕ್ಕಮಗಳೂರಿನ ಪೇಟೆಯಲ್ಲಿ ನಿಂತು ಉತ್ತರದ ಕಡೆಗೆ ಕಣ್ಣೆತ್ತಿದವನಿಗೆ ಚಂದ್ರದ್ರೋಣ ಪರ್ವತದ ಸಾಲು ಕಾಣಿಸುತ್ತದೆ. ಆ ಸಾಲಿನ ನೆತ್ತಿಯಾದ ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರವಿದ್ದು, ಕರ್ನಾಟಕದ ಶಿಖರಗಳಿಗೆಲ್ಲ ಹಿರಿಯದೆನಿಸಿದೆ. ಮೋಡವಿಲ್ಲದ ದಿನ ನೋಡಿದರೆ, ಕೈ ಚಾಚಿದರೆ ಸಿಕ್ಕೀತೆಂಬ ಭ್ರಮೆ ಹುಟ್ಟುತ್ತದೆ. ಆದರೆ ಕಾಲುದಾರಿ ಹಿಡಿದು ಹೊರಟವನಿಗೆ ಈ ಭ್ರಮೆ ಬಹುಕಾಲ ಉಳಿಯುವುದಿಲ್ಲ. ಕಾಫಿ ತೋಟವೊಂದರ ನೆರಳನ್ನು ಹೊಕ್ಕ ಕೂಡಲೇ ಶಿಖರ ಮರೆಯಾಗುತ್ತದೆ; ಹಳ್ಳವೊಂದು ಅಡ್ಡ ಬರುತ್ತದೆ; ಒಂದು ದಿಣ್ಣೆಯನ್ನೇರಿದರೆ ಅದರ ಹಿಂದೆ ಇನ್ನೊಂದು ದಿಣ್ಣೆ ಎದ್ದು ನಿಂತಿರುತ್ತದೆ; ದಾರಿ ಕವಲೊಡೆಯುತ್ತದೆ. ಬೆಟ್ಟ ಕರೆಯುತ್ತದೆ, ದಾರಿ ಹೇಳುವುದಿಲ್ಲ. ಕರೆಯುವುದಕ್ಕೂ ಹೇಳದಿರುವುದಕ್ಕೂ ನಡುವಣ ಈ ಎಡೆಯಲ್ಲಿಯೇ ನಡಿಗೆಯ ಸ್ವಾರಸ್ಯವೆಲ್ಲ ಅಡಗಿದೆಯೆಂಬುದನ್ನು ಮಲೆನಾಡಿನಲ್ಲಿ ಹುಟ್ಟಿ ಬೆಳೆದವರು ಯಾರೂ ಹೇಳಿಕೊಡದೆಯೇ ಬಲ್ಲರು.

ಈ ಹಳೆಯ ಸಂಗತಿಯನ್ನು ತಮ್ಮ ಕಲೆಯ ಸೂತ್ರವನ್ನಾಗಿ ಮಾಡಿಕೊಂಡವರು, ಆಶ್ಚರ್ಯವೆಂದರೆ, ಗಣಕಯಂತ್ರದ ಆಟಗಳನ್ನು ರಚಿಸುವ ಶಿಲ್ಪಿಗಳು. ವಿಡಿಯೋ ಆಟವೆಂದರೆ ಹುಡುಗರ ಕಾಲಹರಣವೆಂದು ತಿಳಿದಿರುವ ವಾಚಕರು ಒಂದಿಷ್ಟು ಸೈರಣೆಯಿಂದ ಮುಂದೆ ಓದಬೇಕೆಂದು ಪ್ರಾರ್ಥನೆ. ಈ ಆಟಗಳಲ್ಲಿ ಒಂದು ಜಾತಿಯುಂಟು. ಅದನ್ನು ‘ಮುಕ್ತಲೋಕ’ದ ಆಟವೆನ್ನಬಹುದು. ಸಾಮಾನ್ಯವಾದ ಆಟ ಒಂದು ಓಣಿಯಂತೆ. ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಹೊರಬರಬೇಕು. ಮುಕ್ತಲೋಕದ ಆಟವಾದರೋ ಒಂದು ಸೀಮೆಯಂತೆ. ಆಡುವವನು ಯೋಧನದೋ ಅಲೆಮಾರಿಯದೋ ಪಾತ್ರವನ್ನು ಧರಿಸಿ, ಬೆಟ್ಟ, ಬಯಲು, ಕಾಡು, ಕೋಟೆಗಳಿಂದ ಕೂಡಿದ ನಾಡಿನಲ್ಲಿ ತನಗೆ ತೋರಿದ ಕಡೆಗೆ ಹೋಗಬಹುದು. ಅವುಗಳಲ್ಲಿಯೂ ಕಠಿಣವೆಂದು ಹೆಸರಾದ ಸಾಹಸದ ಆಟಗಳಿವೆ. ಅಲ್ಲಿ ಎದುರಾಳಿ ಎರಡೇ ಏಟಿಗೆ ಕೆಡವುತ್ತಾನೆ; ಆಡುವವನು ಹತ್ತು ಸಲ ಸತ್ತು ಹನ್ನೊಂದನೆಯ ಸಲ ಗೆಲ್ಲುತ್ತಾನೆ.

ಜಪಾನಿನ ಫ್ರಮ್‌ಸಾಫ್ಟ್‌ವೇರ್ ಸಂಸ್ಥೆ 2022ರ ಫೆಬ್ರವರಿ 25ರಂದು ಹೊರತಂದ ‘ಎಲ್ಡನ್ ರಿಂಗ್’ ಈ ಜಾತಿಯಲ್ಲಿ ಅಗ್ರಗಣ್ಯವಾದುದು. ಹೊರಬಂದ ಸುಮಾರು ಮೂರು ವಾರಗಳಲ್ಲಿಯೇ ಅದರ ಮಾರಾಟ 1 ಕೋಟಿ 20 ಲಕ್ಷ ಪ್ರತಿಗಳನ್ನು ದಾಟಿತು. ಆಟವನ್ನು ಸುಲಭಗೊಳಿಸಿಕೊಳ್ಳುವ ಏರ್ಪಾಡು ಅದರಲ್ಲಿಲ್ಲ. ಸೋಲನ್ನೇ ಊಟವಾಗಿ ಬಡಿಸುವ ಇಂಥ ಪಂಕ್ತಿಗೆ ಇಷ್ಟು ಜನ ಏಕೆ ಕುಳಿತರು? ಸ್ವಾತಂತ್ರ್ಯ ಮತ್ತು ಕಷ್ಟ, ಇವೆರಡೂ ಒಂದನ್ನೊಂದು ಕೆಡಿಸಬೇಕಾದುವಲ್ಲವೆ? ಎಲ್ಲಿಗೆ ಬೇಕಾದರೂ ಹೋಗಬಹುದಾದಾಗ ಕಷ್ಟದ ಕಡೆಗೆ ಏಕೆ ಹೋಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ಕಾಫಿಯ ಬೆಟ್ಟಗಳಿಗಿಂತ ಒಳ್ಳೆಯ ಪಾಠಶಾಲೆ ಸಿಗಲಾರದೆಂಬುದೇ ಈ ಬರಹದ ಅಭಿಪ್ರಾಯ.

ಸೊನೊಬೆಯ ಹುಡುಗ

ಈ ಕಲೆಯ ಮೂಲವನ್ನು ಅರಸುತ್ತ ಹೋದರೆ ನಾವು ತಲಪುವುದು ಪ್ರಯೋಗಶಾಲೆಗಲ್ಲ, ಗುಡ್ಡಗಾಡಿಗೆ. ಜಪಾನಿನ ಕ್ಯೋಟೋ ನಗರದ ವಾಯವ್ಯಕ್ಕೆ ಸೊನೊಬೆ ಎಂಬ ಊರಿದೆ. 1952ರಲ್ಲಿ ಅಲ್ಲಿ ಹುಟ್ಟಿದ ಶಿಗೆರು ಮಿಯಾಮೊಟೊ ಬಾಲ್ಯದಲ್ಲಿ ಊರ ಸುತ್ತಣ ಗುಡ್ಡ, ಗದ್ದೆ, ತೋಪುಗಳಲ್ಲಿ ನಕ್ಷೆಯಿಲ್ಲದೆ ಅಲೆದವರು. ಹಾಗೆ ಅಲೆಯುವಾಗ ಗವಿಯೊಂದರ ಬಾಯಿ ಕಂಡು, ಅಳುಕಿ, ಕೊನೆಗೆ ದೀಪ ಹಿಡಿದು ಒಳಹೊಕ್ಕ ಅನುಭವವನ್ನು ಅವರು ಹಲವು ಸಲ ನೆನೆದಿದ್ದಾರೆ. ಮುಂದೆ ನಿಂಟೆಂಡೊ ಸಂಸ್ಥೆಯನ್ನು ಸೇರಿ, 1986ರಲ್ಲಿ ಅವರು ಹೊರತಂದ ‘ದಿ ಲೆಜೆಂಡ್ ಆಫ್ ಜೆಲ್ಡಾ’ ಎಂಬ ಆಟದ ಹಿಂದೆ ಇದ್ದುದು ಇದೇ ನೆನಪು. ಆ ಆಟ ಆರಂಭವಾಗುವುದು ಒಂದು ಬಯಲಿನಲ್ಲಿ. ನಾಯಕನ ಕೈಯಲ್ಲಿ ಆಯುಧವಿಲ್ಲ. ಮೂರು ಕಡೆಗೆ ದಾರಿಗಳಿವೆ. ಬದಿಯಲ್ಲಿ ಒಂದು ಗವಿಯ ಕರಿಬಾಯಿ. ಏನು ಮಾಡಬೇಕೆಂದು ಯಾರೂ ಹೇಳುವುದಿಲ್ಲ. ಗವಿಯನ್ನು ಹೊಕ್ಕವನಿಗೆ ಕತ್ತಿ ದೊರೆಯುತ್ತದೆ.

ಮುಕ್ತಲೋಕದ ಆಟಗಳ ಕಥೆಯೆಲ್ಲವೂ ಈ ಒಂದು ಆಟದಿಂದಲೇ ಹೊರಟಿತೆಂದಲ್ಲ. ಅಮೆರಿಕ, ಇಂಗ್ಲೆಂಡುಗಳಲ್ಲಿಯೂ ಅದಕ್ಕೆ ಮೊದಲೇ ಬೇರೆ ಬೇರೆ ಪ್ರಯತ್ನಗಳು ನಡೆದಿದ್ದುವು. ಆದರೆ ಗುಡ್ಡಗಾಡಿನ ಹುಡುಗನೊಬ್ಬನ ಅಳುಕು ಮತ್ತು ಕುತೂಹಲ, ಇವೆರಡನ್ನೂ ಒಟ್ಟಿಗೆ ಹಿಡಿದು ಅದನ್ನೇ ಆಟವಾಗಿ ಕಡೆದದ್ದು ಇಲ್ಲಿಯೆ. ಕಳಸದ ಬಳಿಯೋ ಬಾಳೂರಿನ ಬಳಿಯೋ ತೋಟದ ಬೇಲಿ ದಾಟಿ ಕಾಡಿಗೆ ನುಸುಳಿದ ಯಾವ ಹುಡುಗನಿಗೂ ಈ ಅಳುಕು ಅಪರಿಚಿತವಲ್ಲ. ಅದನ್ನು ಯಂತ್ರದ ಭಾಷೆಗೆ ತಂದವರು ಮಾತ್ರ ಸೊನೊಬೆಯವರು.

ಮರೆಯ ಮಹಿಮೆ

ಮುಕ್ತಲೋಕದ ಮೊದಲ ಗುಣ ವಿಸ್ತಾರವೆಂದು ಎಣಿಸುವವರಿದ್ದಾರೆ. ವಿಸ್ತಾರ ಸುಲಭ, ಯಂತ್ರಕ್ಕೆ ಹೇಳಿದರೆ ಸಾವಿರ ಮೈಲಿ ಬಯಲನ್ನು ಹಾಸಿಬಿಡುತ್ತದೆ. ಕಷ್ಟವಾದುದು ಮರೆಮಾಡುವ ಕೆಲಸ. 2017ರ ಮಾರ್ಚ್ 3ರಂದು ಹೊರಬಂದ, ಹಿದೆಮಾರೊ ಫುಜಿಬಯಾಶಿ ನಿರ್ದೇಶಿಸಿದ ‘ಬ್ರೆತ್ ಆಫ್ ದಿ ವೈಲ್ಡ್’ ಎಂಬ ಜೆಲ್ಡಾ ಆಟದ ಶಿಲ್ಪಿಗಳು ಅದೇ ವರ್ಷ ಜಪಾನಿನ ಸಮ್ಮೇಳನವೊಂದರಲ್ಲಿ ತಮ್ಮ ಗುಟ್ಟನ್ನು ಬಿಟ್ಟುಕೊಟ್ಟರು. ಅವರ ನೆಲವೆಲ್ಲವೂ ತ್ರಿಕೋನಗಳಿಂದ ಕೂಡಿದುದು. ದೊಡ್ಡ ತ್ರಿಕೋನ ದೂರದಿಂದ ಕರೆಯುವ ಪರ್ವತ. ನಡುತರದ್ದು ದೃಷ್ಟಿಗೆ ಅಡ್ಡ ನಿಲ್ಲುವ ದಿಣ್ಣೆ. ಚಿಕ್ಕದು ದಾರಿಯ ಬದಿಯ ಬಂಡೆ. ತ್ರಿಕೋನದ ಎದುರು ಬಂದವನು ಹತ್ತಬೇಕೆ ಬಳಸಬೇಕೆ ಎಂದು ಪ್ರತಿಸಲವೂ ತಾನೇ ನಿರ್ಧರಿಸಬೇಕು. ಹತ್ತಿದರೂ ಬಳಸಿದರೂ ಅದುವರೆಗೆ ಮರೆಯಲ್ಲಿದ್ದ ಏನೋ ಒಂದು ಮೆಲ್ಲನೆ ಕಾಣತೊಡಗುತ್ತದೆ. ದೂರದ ಅಳತೆ ಮನಸ್ಸಿಗೆ ಹತ್ತಬೇಕೆಂದು ಅವರು ತಮಗೆ ಚಿರಪರಿಚಿತವಾದ ಕ್ಯೋಟೋ ನಗರದ ನಕ್ಷೆಯನ್ನೇ ಕಲ್ಪಿತ ನಾಡಿನ ಮೇಲೆ ಹಾಸಿ ನೋಡಿದರಂತೆ.

ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಬಸ್ಸಿನಲ್ಲಿ ಹೋದವರು ಈ ತ್ರಿಕೋನಶಾಸ್ತ್ರವನ್ನು ಕಿಟಕಿಯಲ್ಲಿಯೇ ಓದಬಹುದು. ಒಂದು ತಿರುವಿನಲ್ಲಿ ತೋಟ. ಮುಂದಿನ ತಿರುವಿನಲ್ಲಿ ಕಣಿವೆ. ಅದರಾಚೆ ಪಡುವಣ ಬೆಟ್ಟಗಳ ನೀಲಿ ಸಾಲು. ಮತ್ತೆ ತೋಟದ ಮರೆ. ಕುದುರೆಮುಖದ ಹೆಸರೇ ನೋಟದ ಮಾತನ್ನು ಹೇಳುತ್ತದೆ: ಒಂದು ಕಡೆಯಿಂದ ನೋಡಿದಾಗ ಮಾತ್ರ ಅದು ಕುದುರೆಯ ಮುಖ, ಇನ್ನೊಂದು ಕಡೆಯಿಂದ ಬರಿಯ ಬೆಟ್ಟ. ನೋಡುವವನು ಚಲಿಸಿದರೆ ಲೋಕವೂ ಬದಲಾಗಬೇಕು; ಇದು ಮಲೆನಾಡಿನ ನಿಯಮ, ಒಳ್ಳೆಯ ಆಟದ ನಿಯಮವೂ ಹೌದು.

ಮರೆಗೆ ಇನ್ನೊಂದು ರೂಪವಿದೆ, ಅದು ಮಂಜು. ಮುಂಗಾರಿನಲ್ಲಿ ಹತ್ತು ಮಾರು ಮುಂದಿರುವ ಮರ ಕಾಣದಾದಾಗ, ಕಂಡಷ್ಟರಿಂದ ಕಾಣದುದನ್ನು ಊಹಿಸುವ ಶಕ್ತಿ ತಾನಾಗಿ ಎಚ್ಚರಗೊಳ್ಳುತ್ತದೆ. ‘ಎಲ್ಡನ್ ರಿಂಗ್’ನ ನಿರ್ದೇಶಕ ಹಿದೆತಕಾ ಮಿಯಾಜಕಿ ಚಿಕ್ಕಂದಿನಲ್ಲಿ ತಮ್ಮ ವಯಸ್ಸಿಗೆ ಮೀರಿದ ಪುಸ್ತಕಗಳನ್ನು ಓದಿ, ಅರ್ಥವಾಗದ ಭಾಗಗಳನ್ನು ಸ್ವಂತ ಕಲ್ಪನೆಯಿಂದ ತುಂಬಿಕೊಳ್ಳುತ್ತಿದ್ದರೆಂದು ಹೇಳಿಕೊಂಡಿದ್ದಾರೆ. ಅವರ ಆಟಗಳಲ್ಲಿ ಕಥೆ ಇಡಿಯಾಗಿ ದೊರೆಯುವುದಿಲ್ಲ. ಮುರಿದ ವಿಗ್ರಹ, ಪಾಳು ಗುಡಿ, ಕತ್ತಿಯೊಂದರ ಮೇಲಣ ಎರಡು ಸಾಲಿನ ವಿವರಣೆ, ಇವುಗಳಿಂದ ಆಡುವವನೇ ಅದನ್ನು ಹೆಣೆದುಕೊಳ್ಳಬೇಕು. ಅದು ಮಂಜಿನಲ್ಲಿ ನಡೆದಂತೆ.

ಗೋಡೆಯೂ ಬೆಟ್ಟವೂ

ಈಗ ಕಷ್ಟದ ಮಾತಿಗೆ ಬರೋಣ. ‘ಎಲ್ಡನ್ ರಿಂಗ್’ನಲ್ಲಿ ಆಡುವವನು ಮೊದಲ ಸಲ ಬಯಲಿಗೆ ಕಾಲಿಟ್ಟಾಗ ಎದುರಿಗೆ ಚಿನ್ನದ ಕವಚ ತೊಟ್ಟ ಕುದುರೆ ಸವಾರನೊಬ್ಬ ಗಸ್ತು ತಿರುಗುತ್ತಿರುತ್ತಾನೆ. ಆಟವೆಂದರೆ ಎದುರಿಗೆ ಬಂದವನನ್ನು ಹೊಡೆಯುವುದೆಂದು ಕಲಿತವನು ಮೇಲೆ ಬೀಳುತ್ತಾನೆ. ನಿಮಿಷ ಕಳೆಯುವುದರೊಳಗೆ ನೆಲ ಕಚ್ಚುತ್ತಾನೆ. ಮತ್ತೆ ಎದ್ದು ಮತ್ತೆ ಬೀಳುತ್ತಾನೆ. ಕೊನೆಗೊಮ್ಮೆ, ಬದಿಯ ಪೊದೆಗಳನ್ನು ಹಿಡಿದು ಬಳಸಿ ಹೋದರೆ ಸವಾರ ತನ್ನನ್ನು ಗಮನಿಸುವುದೇ ಇಲ್ಲವೆಂಬುದು ಹೊಳೆಯುತ್ತದೆ. ಶಿಲ್ಪಿಗಳು ಆ ಸವಾರನನ್ನು ಅಲ್ಲಿ ನಿಲ್ಲಿಸಿದ್ದರ ಫಲ ಈ ಒಂದು ಹೊಳಹು. ಮುಂದೆ ಕೋಟೆಯ ಬಾಗಿಲನ್ನು ಕಾಯುವ ಮಾರ್ಗಿಟ್ ಎಂಬ ಭಯಂಕರನ ಎದುರಿಗೂ ಅಷ್ಟೆ. ಅವನನ್ನು ಗೆಲ್ಲಲಾರದವನು ದಕ್ಷಿಣದ ಪರ್ಯಾಯದ್ವೀಪವನ್ನು ಸುತ್ತಿ ಬಲ ಕೂಡಿಸಿಕೊಂಡು ಮರಳಬಹುದು. ಚೆನ್ನಾಗಿ ಹುಡುಕಿದರೆ ಕೋಟೆಯನ್ನೇ ಬದಿಗಿಟ್ಟು ಕಡಿದಾದ ಅಂಚಿನ ಮೇಲೆ ಸಾಗುವ ದಾರಿಯೊಂದು ಮುಂದಿನ ಸೀಮೆಗೆ ಕೊಂಡೊಯ್ಯುತ್ತದೆ.

ಇಲ್ಲಿಯೇ ಸ್ವಾತಂತ್ರ್ಯಕ್ಕೂ ಕಷ್ಟಕ್ಕೂ ಇರುವ ನಂಟು ಬಯಲಾಗುತ್ತದೆ. ಓಣಿಯಲ್ಲಿ ಅಡ್ಡಬಂದ ಕಷ್ಟ ಗೋಡೆ. ಒಡೆಯಬೇಕು, ಇಲ್ಲವೆ ಮನೆಗೆ ಮರಳಬೇಕು. ಸೀಮೆಯಲ್ಲಿ ಅಡ್ಡಬಂದ ಅದೇ ಕಷ್ಟ ಬೆಟ್ಟ. ಇಂದು ಬಳಸಿ ನಾಳೆ ಹತ್ತಬಹುದು. ಬಿಟ್ಟುಹೋಗುವ ಹಕ್ಕಿದ್ದಾಗಲೇ ಮರಳಿ ಬರುವ ಛಲವೂ ಹುಟ್ಟುವುದು. ಬಲವಂತದ ಕಷ್ಟ ಶಿಕ್ಷೆಯೆನಿಸುತ್ತದೆ. ಆರಿಸಿಕೊಂಡ ಕಷ್ಟ ವ್ರತವೆನಿಸುತ್ತದೆ. ಮೂಡಿಗೆರೆಯ ಸುತ್ತಿನಲ್ಲಿ ತೋಟದ ದಾರಿಗೆ ಕಾಡಾನೆ ಬಂದು ನಿಂತರೆ ಅದರೊಡನೆ ಯಾರೂ ಪೌರುಷ ತೋರಿಸುವುದಿಲ್ಲ. ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ. ಅದು ಹೇಡಿತನವಲ್ಲ, ನೆಲದ ಅರಿವು. ಕಠಿಣವಾದ ಮುಕ್ತಲೋಕ ಆಡುವವನಿಗೆ ಮೊದಲು ಕಲಿಸುವುದು ಈ ಅರಿವನ್ನು.

ಗಂಗಾಮೂಲದ ಕಾಡಿನಲ್ಲಿ ಹುಟ್ಟುವ ಎರಡು ನದಿಗಳನ್ನು ನೆನೆಯಬಹುದು. ತುಂಗೆ ಶೃಂಗೇರಿಯ ಕಡೆಗೆ ಹೊರಟಳು. ಭದ್ರೆ ಕಳಸ, ಬಾಳೆಹೊನ್ನೂರುಗಳ ಕಡೆಗೆ. ಒಬ್ಬಳು ಕಂಡ ಊರನ್ನು ಇನ್ನೊಬ್ಬಳು ಕಾಣಲಿಲ್ಲ. ಒಬ್ಬಳು ಕೊರೆದ ಬಂಡೆ ಇನ್ನೊಬ್ಬಳಿಗೆ ಎದುರಾಗಲಿಲ್ಲ. ಕೊನೆಗೆ ಶಿವಮೊಗ್ಗದಾಚೆ ಕೂಡಲಿಯಲ್ಲಿ ಇಬ್ಬರೂ ಒಂದಾದರು. ಯಾವ ದಾರಿ ಸರಿಯಾದುದೆಂದು ಯಾರಾದರೂ ಕೇಳಿದ್ದುಂಟೆ? ಒಳ್ಳೆಯ ಆಟದಲ್ಲಿ ಇಬ್ಬರು ಗೆಳೆಯರು ಒಂದೇ ನಾಡನ್ನು ದಾಟಿ ಬಂದು ಎರಡು ಬೇರೆ ಕಥೆಗಳನ್ನು ಹೇಳುತ್ತಾರೆ, ಎರಡೂ ಪೂರ್ಣವಾಗಿರುತ್ತವೆ.

ಬಗ್ಗದ ಘಾಟಿ

ಸ್ವಾತಂತ್ರ್ಯ ಕೊಡಬೇಕೆಂಬ ಉತ್ಸಾಹದಲ್ಲಿ ಮಾಡಬಾರದ ಕೆಲಸವೊಂದುಂಟು. 2006ರಲ್ಲಿ ಅಮೆರಿಕದ ಬೆಥೆಸ್ಡಾ ಸಂಸ್ಥೆ ಹೊರತಂದ ‘ಆಬ್ಲಿವಿಯನ್’ ಎಂಬ ಆಟ ಅನೇಕ ಕಾರಣಗಳಿಂದ ಜನಪ್ರಿಯವಾಯಿತು. ಆದರೆ ಅದರಲ್ಲಿ ಆಡುವವನ ಬಲ ಹೆಚ್ಚಿದಂತೆಲ್ಲ ನಾಡಿನ ಬಹುಪಾಲು ಶತ್ರುಗಳ ಬಲವೂ ಹೆಚ್ಚುತ್ತಿತ್ತು. ಎಲ್ಲಿಗೆ ಹೋದರೂ ಕಷ್ಟ ಸಮವಾಗಿರಲಿ ಎಂಬುದು ಉದ್ದೇಶ. ಪರಿಣಾಮವಾಗಿ ದಾರಿಬದಿಯ ಬಡ ಕಳ್ಳನೂ ಕೊನೆಗೆ ರಾಜರಿಗೂ ದುರ್ಲಭವಾದ ಕವಚ ತೊಟ್ಟು ಎದುರಾಗುತ್ತಿದ್ದ. ನಗು ಬರುವುದು ಒಂದೆಡೆಗಿರಲಿ. ತಾನು ಬೆಳೆದೆನೆಂಬ ಭಾವವೇ ಆಡುವವನಿಗೆ ಉಳಿಯುತ್ತಿರಲಿಲ್ಲ. ಅಳತೆಗೋಲು ಅಳೆಯುವ ವಸ್ತುವಿನೊಡನೆಯೇ ಬೆಳೆದರೆ ಅಳತೆಯೆಂಬುದೆಲ್ಲಿ?

ಚಾರ್ಮಾಡಿಯ ಘಾಟಿ ಯಾರಿಗಾಗಿಯೂ ತಗ್ಗಿದುದಲ್ಲ, ಯಾರಿಗಾಗಿಯೂ ಎದ್ದುದೂ ಅಲ್ಲ. ಇಪ್ಪತ್ತರ ಹರೆಯದಲ್ಲಿ ಏದುಸಿರು ಬಿಡದೆ ಹತ್ತಿದವನಿಗೂ, ಎಪ್ಪತ್ತರಲ್ಲಿ ಕೋಲೂರಿ ನಿಂತವನಿಗೂ ಅದೇ ಏರು, ಅದೇ ತಿರುವು. ಅದು ಇದ್ದಂತೆಯೇ ಇರುವುದರಿಂದಲೇ ನಾವು ಏನಾದೆವೆಂಬುದು ನಮಗೆ ತಿಳಿಯುವುದು. ‘ಎಲ್ಡನ್ ರಿಂಗ್’ನ ಕುದುರೆ ಸವಾರ ಆಡುವವನು ಮರಳುವವರೆಗೂ ಅಲ್ಲಿಯೇ, ಅಷ್ಟೇ ಬಲದಿಂದ ಗಸ್ತು ತಿರುಗುತ್ತಿರುತ್ತಾನೆ. ಇಪ್ಪತ್ತು ಗಂಟೆಗಳ ಅಲೆದಾಟದ ತರುವಾಯ ಅವನನ್ನು ಕೆಡವಿದಾಗ ಬರುವ ಸಂತೋಷ ಅವನು ಬದಲಾಗದೆ ಉಳಿದುದರ ಫಲ. ಮೇಲಾಗಿ ಇಲ್ಲಿ ಬೆಳವಣಿಗೆ ಎರಡು ಬಗೆಯದು: ಪಾತ್ರದ ಬಲ ಅಂಕೆಗಳಲ್ಲಿ ಏರುತ್ತದೆ, ಆಡುವವನ ಕಣ್ಣು, ಕೈ, ತಾಳ್ಮೆಗಳು ಅಂಕೆಗೆ ಸಿಗದೆ ಏರುತ್ತವೆ. ಎರಡನೆಯದು ಇಲ್ಲದೆ ಮೊದಲನೆಯದು ಬಹುದೂರ ಸಾಗದು. ಮೊದಲನೆಯದನ್ನು ಕೈಬಿಟ್ಟು ಎರಡನೆಯದರಿಂದಲೇ ಆಟವನ್ನು ಮುಗಿಸಿದ ಸಾಹಸಿಗಳೂ ಇದ್ದಾರೆ.

ಬಾಯಿಮಾತಿನ ದಾರಿ

ಅದೇ ಬೆಥೆಸ್ಡಾ ಸಂಸ್ಥೆಯ ಹಿಂದಿನ ಆಟ, 2002ರ ‘ಮಾರೋವಿಂಡ್’, ದಾರಿಯ ವಿಷಯದಲ್ಲಿ ಒಂದು ಆದರ್ಶವನ್ನು ಬಿಟ್ಟುಹೋಗಿದೆ. ಅಲ್ಲಿ ಗುರಿಯನ್ನು ತೋರಿಸುವ ಬಾಣದ ಗುರುತಿಲ್ಲ. ಊರವರನ್ನು ಕೇಳಬೇಕು. ಸೇತುವೆ ದಾಟಿ ಬಡಗಕ್ಕೆ ಹೋಗು, ಕವಲಿನಲ್ಲಿ ಎಡಕ್ಕೆ ತಿರುಗು, ಬೆಟ್ಟದ ಬುಡದಲ್ಲಿ ಬಾಗಿಲು ಕಾಣುತ್ತದೆ ಎಂಬ ಧಾಟಿಯಲ್ಲಿ ಅವರು ಹೇಳಿದುದು ದಿನಚರಿಯಲ್ಲಿ ದಾಖಲಾಗುತ್ತದೆ. ಅದನ್ನು ಓದಿ, ನೆಲವನ್ನು ನೋಡಿ, ಎರಡನ್ನೂ ಹೊಂದಿಸಿಕೊಂಡು ನಡೆಯಬೇಕು. ನಾಲ್ಕು ವರ್ಷಗಳ ಅನಂತರ ಬಂದ ‘ಆಬ್ಲಿವಿಯನ್’ನಲ್ಲಿ ದಿಕ್ಸೂಚಿಯ ಮೇಲೆ ಗುರಿಯ ಗುರುತು ಕೆತ್ತಿಕೊಂಡು ಕೂತಿತು. ದಾರಿ ತಪ್ಪುವುದು ನಿಂತಿತು. ಅದರೊಡನೆ ದಾರಿಯನ್ನು ನೋಡುವುದೂ ನಿಂತಿತು. ಕಣ್ಣು ನಾಡಿನ ಮೇಲಿರದೆ ಬಾಣದ ಮೇಲಿದ್ದರೆ, ಬೆಟ್ಟಕ್ಕೆ ಬಣ್ಣ ಬಳಿದವನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತೆಯೇ ಸರಿ.

ಮಲೆನಾಡಿನಲ್ಲಿ ದಾರಿ ಕೇಳಿದವರಿಗೆ ಗೊತ್ತು, ಅಲ್ಲಿ ಉತ್ತರ ಮೈಲಿಯ ಲೆಕ್ಕದಲ್ಲಿ ಬರುವುದಿಲ್ಲ. ಹಳ್ಳ ದಾಟಿದ ಮೇಲೆ ದೊಡ್ಡ ಅತ್ತಿಮರ, ಅಲ್ಲಿಂದ ಮೇಲಿನ ದಾರಿ ಬೇಡ, ಕೆಳಗಿನದು; ಉಣುಗೋಲು ದಾಟಿದರೆ ನಾಯಿ ಬೊಗಳುತ್ತದೆ, ಅದೇ ಮನೆ. ಈ ಮಾತಿನಲ್ಲಿ ನಾಡಿನ ಚಿತ್ರವಿದೆ, ಹೇಳಿದವನ ಜೀವನವಿದೆ, ಕೇಳಿದವನ ಬುದ್ಧಿಗೆ ಕೆಲಸವಿದೆ. ‘ಎಲ್ಡನ್ ರಿಂಗ್’ ಇಲ್ಲಿ ನಡುದಾರಿಯನ್ನು ಹಿಡಿದಿದೆ. ಅದರ ವಿಶ್ರಾಂತಿ ಸ್ಥಾನಗಳಿಂದ ಹೊಂಬಣ್ಣದ ಒಂದು ತೆಳುಗೆರೆ ಗಾಳಿಯಲ್ಲಿ ಹೊರಟು ಮುಂದಿನ ದಿಕ್ಕನ್ನು ತೋರಿಸುತ್ತದೆ. ಆದರೆ ಆ ದಿಕ್ಕಿನಲ್ಲಿ ಕಮರಿಯಿದೆಯೆ, ಕೋಟೆಯಿದೆಯೆ ಎಂಬುದನ್ನು ಹೇಳುವುದಿಲ್ಲ. ನಾಡಿನ ಬಹುಭಾಗದಿಂದ ಕಾಣುವ ಮಹಾವೃಕ್ಷವೊಂದು ಮುಳ್ಳಯ್ಯನಗಿರಿಯಂತೆ ಎಲ್ಲಕ್ಕೂ ಹಿನ್ನೆಲೆಯಾಗಿ ನಿಂತಿರುತ್ತದೆ. ದಿಕ್ಕು ಗೊತ್ತಿದ್ದು ದಾರಿ ಗೊತ್ತಿಲ್ಲದಿರುವುದು. ಅಲೆಯುವವನಿಗೆ ಇದಕ್ಕಿಂತ ಹಿತವಾದ ಸ್ಥಿತಿಯಿಲ್ಲ.

ದೂರದ ಬೆಲೆ

ದಾರಿ ತಿಳಿದರೂ ದೂರಕ್ಕೆ ಬೆಲೆಯಿರಬೇಕು. ಇದ್ದಲ್ಲಿಂದ ಬೇಕಾದಲ್ಲಿಗೆ ಕ್ಷಣದಲ್ಲಿ ಹಾರಬಲ್ಲವನಿಗೆ ನಾಡು ಒಂದು ಪಟ್ಟಿಯಾಗಿಬಿಡುತ್ತದೆ. 2024ರ ಮಾರ್ಚಿಯಲ್ಲಿ ಬಂದ, ಹಿದೆಯಾಕಿ ಇತ್ಸುನೊ ನಿರ್ದೇಶನದ ‘ಡ್ರಾಗನ್ಸ್ ಡಾಗ್ಮಾ 2’ ಈ ಹಾರಾಟವನ್ನು ಬೇಕೆಂದೇ ದುಬಾರಿಯಾಗಿಸಿತು. ಅದಕ್ಕೆ ಬೇಕಾದ ಕಲ್ಲು ವಿರಳ. ಇಲ್ಲವಾದರೆ ಎತ್ತಿನ ಗಾಡಿ ಹಿಡಿಯಬೇಕು, ಇಲ್ಲವೆ ಕಾಲ್ನಡಿಗೆ. ರಾತ್ರಿಯಾದರೆ ನಿಜವಾದ ಕತ್ತಲೆ; ಲಾಟೀನಿಗೆ ಎಣ್ಣೆ ಇದೆಯೆ ಎಂದು ನೋಡಿಕೊಳ್ಳಬೇಕು. ಹೊರಡುವ ಮುನ್ನ ಬುತ್ತಿ ಕಟ್ಟಿಕೊಳ್ಳುವ ನಮ್ಮ ಹಿರಿಯರ ಪದ್ಧತಿ ಹೀಗೆ ಆಟದೊಳಕ್ಕೆ ಮರಳಿ ಬಂದಿತು.

ದೂರಕ್ಕೆ ಬೆಲೆ ಬಂದಾಗಲೇ ತಂಗುದಾಣಕ್ಕೂ ಬೆಲೆ. ಘಾಟಿ ಹತ್ತಿ ಬಂದವನಿಗೆ ಕೊಟ್ಟಿಗೆಹಾರದಲ್ಲಿ ಸಿಗುವ ಬಿಸಿ ನೀರುದೋಸೆಯ ರುಚಿ ದೋಸೆಯದಷ್ಟೇ ಅಲ್ಲ, ಘಾಟಿಯದೂ ಹೌದು. ಮಿಯಾಜಕಿಯವರೇ 2011ರಲ್ಲಿ ನಿರ್ದೇಶಿಸಿದ ‘ಡಾರ್ಕ್ ಸೋಲ್ಸ್’ನಲ್ಲಿ ಇಂಥ ಒಂದು ಗಳಿಗೆಯಿದೆ. ಕೋಟೆಗೋಡೆಗಳ ಮೇಲೆ ಗಂಟೆಗಟ್ಟಲೆ ಹೆಣಗಿ, ಇನ್ನು ಊರು ಬಹುದೂರವಾಯಿತೆಂದು ಆಡುವವನು ಬಗೆಯುವ ಹೊತ್ತಿಗೆ ಒಂದು ಎತ್ತುಗ ಸಿಗುತ್ತದೆ. ಅದನ್ನೇರಿ ಕೆಳಗಿಳಿದರೆ ತಾನು ಮೊದಲು ಹೊರಟ ಬೆಂಕಿಯ ಒಲೆಯ ಬದಿಯಲ್ಲಿಯೇ ಬಂದು ನಿಲ್ಲುತ್ತಾನೆ. ನಾಡು ಒಮ್ಮೆಲೇ ಮಡಿಸಿಕೊಂಡು ಅಂಗೈಯಷ್ಟಾಗುತ್ತದೆ. ತೋಟಗಳ ನಡುವಣ ಒಳದಾರಿಗಳೂ ಹೀಗೆಯೇ. ಸುತ್ತುದಾರಿಯಲ್ಲಿ ಬಹುಸಲ ನಡೆದವನಿಗೆ ಮಾತ್ರ ಅವು ತಮ್ಮ ಬಾಯಿ ತೆರೆಯುತ್ತವೆ.

ಬೆರಕೆ ನೆರಳು

ಇಷ್ಟೆಲ್ಲ ಇದ್ದರೂ ಕಂಡದ್ದನ್ನೇ ಮತ್ತೆ ಕಾಣಿಸಿದರೆ ಅಲೆಯುವವನ ಕಾಲು ಸೋಲುತ್ತದೆ. ‘ಎಲ್ಡನ್ ರಿಂಗ್’ನ ಪೂರ್ವಾರ್ಧದಲ್ಲಿ ಮಂಜಿನ ಕಾಡೊಂದರ ನಡುವೆ ಒಂದು ಪಾಳು ಕಟ್ಟಡವಿದೆ. ಅದರೊಳಗಿನ ಎತ್ತುಗ ಕೆಳಗಿಳಿಯುತ್ತದೆ, ಇಳಿಯುತ್ತಲೇ ಇರುತ್ತದೆ. ತಳ ಮುಟ್ಟಿದಾಗ ನೆಲದಡಿಯಲ್ಲಿ ನಕ್ಷತ್ರಗಳು ತುಂಬಿದ ಆಕಾಶ, ಅದರ ಕೆಳಗೆ ಹರಿಯುವ ಸಿಯೋಫ್ರಾ ನದಿ. ನಕ್ಷೆಯಲ್ಲಿ ಅದರ ಸುಳಿವೇ ಇರಲಿಲ್ಲ. ಇಂಥ ಒಂದು ಬೆರಗು ಮುಂದಿನ ನೂರು ಮೈಲಿ ನಡೆಯುವ ಹುಮ್ಮಸ್ಸು ಕೊಡುತ್ತದೆ. ಅದೇ ಆಟದಲ್ಲಿ ಒಂದೇ ಅಚ್ಚಿನ ನೆಲಮಾಳಿಗೆಗಳೂ, ಹಿಂದೆ ಗೆದ್ದ ಎದುರಾಳಿಗಳೇ ಬೇರೆ ಮೂಲೆಯಲ್ಲಿ ಮತ್ತೆ ಕಾಣಿಸಿಕೊಳ್ಳುವುದೂ ಉಂಟು. ಉತ್ತರಾರ್ಧದ ಹಿಮದ ಬೆಟ್ಟಗಳು ಬರಿದೆನಿಸುತ್ತವೆಯೆಂಬ ಆಕ್ಷೇಪಣೆಯೂ ಉಂಟು. ಆಕ್ಷೇಪಣೆ ನ್ಯಾಯವಾದುದೇ.

ಕಾಫಿಯ ಬೆಳೆಗಾರರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ. ಅತ್ತಿ, ಬಸರಿ, ಹಲಸು, ನಂದಿ, ಹೊನ್ನೆಗಳ ಬೆರಕೆ ನೆರಳಿನ ತೋಟ ಒಂದು ಬಗೆ. ಸಾಲಾಗಿ ನೆಟ್ಟ ಸಿಲ್ವರ್ ಓಕ್ ಮರಗಳ ತೋಟ ಇನ್ನೊಂದು ಬಗೆ. ಎರಡರಲ್ಲಿಯೂ ನೆರಳಿದೆ, ಎರಡರಲ್ಲಿಯೂ ಕಾಫಿ ಬರುತ್ತದೆ. ಆದರೆ ಮೊದಲನೆಯದರಲ್ಲಿ ಹತ್ತು ಹೆಜ್ಜೆಗೊಂದು ಹಕ್ಕಿಯ ಕೂಗು ಬದಲಾಗುತ್ತದೆ; ಎರಡನೆಯದರಲ್ಲಿ ಒಂದು ಸಾಲನ್ನು ನೋಡಿದವನು ಎಲ್ಲ ಸಾಲುಗಳನ್ನೂ ನೋಡಿದಂತೆ. ಲೋಕ ದೊಡ್ಡದಾಗುವುದು ಎಕರೆಗಳಿಂದಲ್ಲ, ಬೆರಕೆಯಿಂದ.

ಮಂದಣ್ಣನ ಕಣ್ಣು

ನಮ್ಮ ಸಾಹಿತ್ಯದಲ್ಲಿ ಈ ಬಗೆಯ ಅಲೆದಾಟದ ಅತ್ಯುತ್ತಮ ಚಿತ್ರ ಇದೇ ಮೂಡಿಗೆರೆಯ ನೆಲದಿಂದ ಬಂದಿತೆಂಬುದು ಆಕಸ್ಮಿಕವಲ್ಲ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಪ್ರಕಟವಾಯಿತು. ಅದರಲ್ಲಿ ಹಾರುವ ಓತಿಯೊಂದನ್ನು ಹುಡುಕಿಕೊಂಡು ಒಂದು ವಿಚಿತ್ರವಾದ ತಂಡ ಕಾಡನ್ನು ಹೊಗುತ್ತದೆ. ತಂಡದಲ್ಲಿ ಜಗತ್ತನ್ನು ಓದಿದ ವಿಜ್ಞಾನಿಯಿದ್ದಾನೆ. ಆದರೆ ಆ ವಿಜ್ಞಾನಿಯೇ ಗುರುತಿಸಿ ಗೌರವಿಸುವ ಕಣ್ಣು, ಜೇನು ಹಿಡಿಯುವ ಮಂದಣ್ಣನದು. ಊರಿನ ದೃಷ್ಟಿಯಲ್ಲಿ ಮಂದಣ್ಣ ಕೆಲಸಕ್ಕೆ ಬಾರದವನು; ಕಾಡಿನ ದೃಷ್ಟಿಯಲ್ಲಿ ಅವನೇ ನಿಪುಣ. ಅವನ ಬಲ ಅವನ ಚೀಲದಲ್ಲಿಲ್ಲ, ಗಮನದಲ್ಲಿದೆ. ಕೊನೆಯಲ್ಲಿ ಓತಿ ಕೈಗೆ ಸಿಗುವುದಿಲ್ಲ. ಪ್ರಪಾತದ ಅಂಚಿನಿಂದ ತೇಲಿ ಮರೆಯಾಗಿಬಿಡುತ್ತದೆ. ಆದರೂ ಪುಸ್ತಕವನ್ನು ಮುಚ್ಚಿದ ವಾಚಕನಿಗೆ ಪ್ರಯಾಣ ವ್ಯರ್ಥವಾಯಿತೆಂದು ಅನ್ನಿಸುವುದಿಲ್ಲ. ಗುರಿ ಅಲೆಯುವುದಕ್ಕೆ ನೆಪ. ಅಲೆದಾಟ ಕೊಟ್ಟುದೇ ಗಳಿಕೆ. ಆಟದ ಶಿಲ್ಪಿಗಳು ಬಹುಶ್ರಮದಿಂದ ತಲಪಿದ ತೀರ್ಮಾನವೂ ಇದೇ.

ಆದರೆ ಬೆಟ್ಟಕ್ಕೂ ಆಟಕ್ಕೂ ಒಂದು ಭೇದವುಂಟು. ಅದನ್ನು ಮರೆಯುವುದು ಅಪಾಯ. ಆಟದಲ್ಲಿ ಸಾವು ಗುರು. ಸತ್ತವನು ತಾನು ಕೂಡಿಸಿದ ಸಂಪತ್ತನ್ನು ಬಿದ್ದ ಜಾಗದಲ್ಲಿ ಬಿಡುತ್ತಾನೆ. ಮತ್ತೆ ಎದ್ದು ಹೋಗಿ ಅದನ್ನು ಎತ್ತಿಕೊಳ್ಳಬಹುದು. ಅಷ್ಟರೊಳಗೆ ಮತ್ತೆ ಸತ್ತರೆ ಅದು ಹೋದಂತೆಯೇ. ನಿಜವಾದ ಬೆಟ್ಟದಲ್ಲಿ ಎರಡನೆಯ ಏಳಿಕೆಯಿಲ್ಲ. 2019ರ ಆಗಸ್ಟಿನ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಗುಡ್ಡಗಳು ಕುಸಿದು ಮನೆ, ಗದ್ದೆ, ತೋಟಗಳು ಮಣ್ಣುಪಾಲಾದುದನ್ನು ಕಂಡವರಿಗೆ ಇದನ್ನು ಹೇಳಬೇಕಾದುದಿಲ್ಲ. ಹಾಗಾದರೆ ಮಲೆನಾಡಿನವನು ಸಾಯದೆ ಕಲಿತದ್ದು ಹೇಗೆ? ಬೇರೆಯವರ ಸೋಲಿನಿಂದ. ಯಾವ ಹಳ್ಳ ಹಠಾತ್ತನೆ ಏರುತ್ತದೆ, ಯ��ವ ಬಂಡೆಯ ಮೇಲೆ ಪಾಚಿ ಜಾರುತ್ತದೆ, ಆನೆ ಯಾವ ಹೊತ್ತಿನಲ್ಲಿ ಎಲ್ಲಿ ದಾಟುತ್ತದೆ. ಇವೆಲ್ಲವೂ ಯಾರೋ ಬೆಲೆ ತೆತ್ತು ಕಲಿತು, ಒಲೆಯ ಮುಂದೆ ಕುಳಿತು ಮಕ್ಕಳಿಗೆ ದಾಟಿಸಿದ ಪಾಠಗಳು. ವಿಸ್ಮಯವೆಂದರೆ ‘ಎಲ್ಡನ್ ರಿಂಗ್’ ಇದನ್ನೂ ಬಿಟ್ಟಿಲ್ಲ. ಅಲ್ಲಿ ನೆಲದ ಮೇಲೆ ಅಲ್ಲಲ್ಲಿ ರಕ್ತದ ಕಲೆಗಳಿರುತ್ತವೆ. ಮುಟ್ಟಿದರೆ, ಜಗತ್ತಿನ ಇನ್ನಾವ ಮೂಲೆಯಲ್ಲೋ ಆಡುತ್ತಿದ್ದವನೊಬ್ಬ ಅದೇ ಜಾಗದಲ್ಲಿ ಹೇಗೆ ಬಿದ್ದನೆಂಬುದು ನೆರಳಿನಂತೆ ಕಾಣುತ್ತದೆ. ಮುಂದೆ ಮೋಸವಿದೆ, ಎಚ್ಚರ ಎಂದು ಅಪರಿಚಿತರು ಬರೆದಿಟ್ಟ ಸೂಚನೆಗಳೂ ಇರುತ್ತವೆ. ಒಬ್ಬೊಬ್ಬರೇ ಆಡುವ ಈ ಕಠಿಣವಾದ ಆಟ ಸಹ್ಯವಾಗುವುದು ಇಂಥ ಕಾಣದ ಸಂಗಾತಿಗಳಿಂದ.

ಯಾರು ಕಟ್ಟಬೇಕು?

ಮಲೆನಾಡಿನ ಮನೆಗಳಲ್ಲಿ ಒಲೆಯ ಮುಂದಣ ಈ ಪಾಠ ಈಗ ಕ್ಷೀಣಿಸುತ್ತಿದೆ. ಓದಿದ ಮಕ್ಕಳು ಬೆಂಗಳೂರಿನ ದಾರಿ ಹಿಡಿದಿದ್ದಾರೆ. ಕಾಲುದಾರಿಗಳು ಬಳಕೆಯಿಲ್ಲದೆ ಲಂಟಾನದ ಪಾಲಾಗುತ್ತಿವೆ. ವಾರದ ಕೊನೆಗೆ ಬೆಟ್ಟಕ್ಕೆ ಬರುವ ಕಾರುಗಳ ಸಾಲು ಫೋನಿನ ಬಾಣವನ್ನು ನಂಬಿ ಬರುತ್ತದೆ. ಶಿಖರದಲ್ಲಿ ಚಿತ್ರ ತೆಗೆದು, ಅದೇ ಬಾಣವನ್ನು ನಂಬಿ ಇಳಿಯುತ್ತದೆ. ಅವರು ಮುಳ್ಳಯ್ಯನಗಿರಿಯನ್ನು ತಲಪಿದರೆನ್ನುವುದು ನಿಜ, ಕಂಡರೆನ್ನುವುದು ಕಷ್ಟ. ಇತ್ತ ತೋಟದ ಮನೆಯ ಹುಡುಗ, ಮಳೆಗಾಲದ ಸಂಜೆ, ವಿದ್ಯುತ್ತು ಇದ್ದಷ್ಟು ಹೊತ್ತು ಜಪಾನಿನವರು ಕಟ್ಟಿದ ಮಂಜಿನ ಕಾಡಿನಲ್ಲಿ ದಾರಿ ಹುಡುಕುತ್ತಿರುತ್ತಾನೆ. ಅವನನ್ನು ಗದರಿಸುವುದಕ್ಕೆ ಮುಂಚೆ ಹಿರಿಯರು ಒಂದು ಮಾತನ್ನು ಯೋಚಿಸಬೇಕು. ಅವನಿಗೆ ಬೇಕಾಗಿರುವುದು ನಾವು ಕೊಡಬಹುದಾಗಿದ್ದು ಕೊಡದೆ ಬಿಟ್ಟ ವಸ್ತುವೇ: ಅಳುಕು, ಕುತೂಹಲ, ದಾರಿ ತಪ್ಪುವ ಹಕ್ಕು, ತಾನಾಗಿ ಕಂಡುಕೊಂಡ ಸಂತೋಷ.

ನಮ್ಮ ದೇಶದಲ್ಲಿಯೂ ಆಟಗಳನ್ನು ಕಟ್ಟುವವರು ಹುಟ್ಟಿಕೊಂಡಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ 2020ರಲ್ಲಿ ಹೊರತಂದ ‘ರಾಜಿ’ ನಮ್ಮ ಪುರಾಣಗಳ ಛಾಯೆಯಲ್ಲಿ ರಚಿತವಾದುದು. ಅದು ಮುಕ್ತಲೋಕದ ಆಟವಲ್ಲ, ಆದರೆ ಕೈಚಳಕ ನಮ್ಮಲ್ಲಿಯೂ ಇದೆಯೆಂಬುದಕ್ಕೆ ಸಾಕ್ಷಿ. ಮುಂದೊಂದು ದಿನ ಕನ್ನಡದ ಯುವಕ ಯುವತಿಯರು ಮಲೆನಾಡಿನ ಮುಕ್ತಲೋಕವೊಂದನ್ನು ಕಟ್ಟಹೊರಟರೆ, ಅವರಿಗೆ ಬೆಟ್ಟದ ಚಿತ್ರ ಸಾಲದು. ಹಸಿರು ಬಳಿದ ಬೆಟ್ಟಗಳು ಎಲ್ಲ ಆಟಗಳಲ್ಲಿಯೂ ಇವೆ. ಅವರಿಗೆ ಬೇಕಾದುದು ಬೆಟ್ಟದ ನಡವಳಿಕೆ: ಕಾಣಿಸಿ ಮರೆಯಾಗುವುದು, ಅಡ್ಡ ನಿಂತರೂ ಬಳಸಲು ಬಿಡುವುದು, ಯಾರಿಗೂ ಬಗ್ಗದಿರುವುದು, ಕೇಳಿದವರಿಗೆ ಮಾತ್ರ ದಾರಿ ಹೇಳುವುದು. ಅದನ್ನು ಬಲ್ಲವರು ಕಳಸ, ಬಾಳೂರು, ಸಂಸೆಗಳ ಮನೆಗಳಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಅನೇಕರು ವಯಸ್ಸಾದವರು. ಕಲಿಯುವ ಮನಸ್ಸಿದ್ದವರು ಫೋನನ್ನು ಜೇಬಿನಲ್ಲಿಟ್ಟು, ಅವರ ಅಂಗಳಕ್ಕೆ ಹೋಗಿ, ಹಳ್ಳದಾಚೆಯ ಮನೆಗೆ ದಾರಿ ಯಾವುದೆಂದು ಕೇಳಿ, ಹೇಳಿದಂತೆ ನಡೆದು ನೋಡಬೇಕು. ಕೇಳುವುದಕ್ಕೆ ಇನ್ನು ಬಹಳ ಮಳೆಗಾಲಗಳು ಉಳಿದಿಲ್ಲ.